ಜಿಎನ್‌ಎಂ ಮಾಡಲಾ, ಬಿ.ಎಸ್ಸಿ ನರ್ಸಿಂಗ್ ಮಾಡಲಾ? ಬೇಗ ಮುಗಿಸಿ ಜರ್ಮನಿಗೆ ಹೋಗಬೇಕು

ಪಿಯುಸಿ ಸೈನ್ಸ್ ಆಯ್ತು, ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಮನೆಯಲ್ಲಿ ನರ್ಸಿಂಗ್ ಅಂತಿದ್ದಾರೆ, ಜರ್ಮನಿಗೆ ಹೋಗೋಕೆ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಒಳ್ಳೇದಾ, ಬಿ.ಎಸ್ಸಿ ನರ್ಸಿಂಗ್ ಡಿಗ್ರಿ ಒಳ್ಳೇದಾ ಅಂತ ಕೇಳಿದ್ದೀರಿ. ನಾನೂ ಇದೇ ಅವಸರದಲ್ಲಿ ಬೆಂಗಳೂರಿಗೆ ಬಂದವಳು. ನನ್ನ ಕಣ್ಣು ಲಂಡನ್ ಮೇಲಿತ್ತು, ಅಷ್ಟೇ ವ್ಯತ್ಯಾಸ.

ನಾನು ಬಿ.ಎಸ್ಸಿ ತಗೊಂಡೆ. ಕೋರ್ಸ್ ಸರಿಯಾಗಿಯೇ ಇತ್ತು, ಕಾಲೇಜು ಆರಿಸಿದ್ದು ತಪ್ಪಾಯ್ತು. ಊರಿಗೆ ಬಂದಿದ್ದ ಏಜೆಂಟ್ ಹಾಸ್ಟೆಲ್ ಫೋಟೋ ತೋರಿಸಿದ, ಬಸ್ ತೋರಿಸಿದ, ಫೀಸು ಕಂತಲ್ಲಿ ಕಟ್ಟಬಹುದು ಅಂದ. ಅಪ್ಪ ಹಾಸ್ಟೆಲ್ ವಾರ್ಡನ್ ಹೇಗೆ ಅಂತ ಕೇಳಿದರು, ಅಮ್ಮ ಊಟದ ಬಗ್ಗೆ ಕೇಳಿದರು. ಆಸ್ಪತ್ರೆ ಯಾವುದು ಅಂತ ಯಾರೂ ಕೇಳಲಿಲ್ಲ. ಓದಬೇಕಾದ ನಾನೂ ಕೇಳಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಡ್ಮಿಷನ್ ಹೊತ್ತಲ್ಲಿ ಯಾರೂ ಹೇಳೋದಿಲ್ಲ. ಬಿ.ಎಸ್ಸಿ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಂತೆ ಸಿಗಬೇಕು ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುತ್ತೆ. ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಹಾಸಿಗೆ ಇದ್ದವು, ಮಲಗಿದವರು ಇರಲಿಲ್ಲ. ಬೇರೆ ಆಸ್ಪತ್ರೆಗೆ ಪೋಸ್ಟಿಂಗ್, ಅಂದ್ರೆ ಕೆಲಸ ಕಲಿಯೋ ಡ್ಯೂಟಿ, ಹಾಕಿದರೆ ಅಲ್ಲಿ ಒಂದೇ ಬೆಡ್ ಸುತ್ತ ಬೇರೆ ಬೇರೆ ಕಾಲೇಜಿನವರು ಮುಗಿಬೀಳುತ್ತಿದ್ದರು, ಹಿಂದೆ ನಿಂತವರಿಗೆ ರೋಗಿಯ ಕೈ ಕೂಡ ಕಾಣುತ್ತಿರಲಿಲ್ಲ. ಒಬ್ಬೊಬ್ಬ ರೋಗಿಗೂ ಏನೇನು ಆರೈಕೆ ಬೇಕು ಅಂತ ಬರೆಯೋ ಕೇರ್ ಪ್ಲಾನ್‌ಗಳನ್ನ ಸೀನಿಯರ್‌ಗಳ ಫೈಲ್ ನೋಡಿ ಬರೆದೆವು. ರಾಜೀವ್ ಗಾಂಧಿ ಯೂನಿವರ್ಸಿಟಿ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸೇ ಬಂತು.

ಆಮೇಲೆ ಐಸಿಯುನಲ್ಲಿ ಕೆಲಸ ಸಿಕ್ಕಿತು. ಶುಗರ್ ಇದ್ದ ಒಬ್ಬ ಅಜ್ಜಿಗೆ ಕ್ಯಾನುಲಾ, ಅಂದ್ರೆ ಡ್ರಿಪ್ ಕೊಡೋಕೆ ಕೈ ನರದೊಳಗೆ ಕೂರಿಸೋ ಸಣ್ಣ ಕೊಳವೆ, ಹಾಕಬೇಕಿತ್ತು. ನೀಲಿ ಬಣ್ಣದ್ದು, 22 ಗೇಜ್. ಕೈಗೆ ಪಟ್ಟಿ ಕಟ್ಟಿದೆ, ನರ ಚೆನ್ನಾಗಿಯೇ ಎದ್ದು ಕಾಣುತ್ತಿತ್ತು. ಸೂಜಿ ಚುಚ್ಚಿದ ಕೂಡಲೇ ಅದು ಪಕ್ಕಕ್ಕೆ ಜಾರಿತು. ವಯಸ್ಸಾದವರ ನರ ಹಾಗೆಯೇ, ಹೆಬ್ಬೆರಳಿಂದ ಚರ್ಮವನ್ನ ಕೆಳಗೆ ಎಳೆದು ಬಿಗಿಯಾಗಿ ಹಿಡಿಯಬೇಕು. ಅದು ನನಗೆ ಬಾಯಿಪಾಠ ಇತ್ತು. ಎಷ್ಟು ಎಳೆದರೆ ಸಾಕು ಅನ್ನೋದು ಕೈಗೆ ಗೊತ್ತಿರಲಿಲ್ಲ. ನೋಡನೋಡುತ್ತಾ ಮುಂಗೈ ಊದಿ ನೀಲಿಯಾಯ್ತು. "ಇರಲಿ ಸಿಸ್ಟರಮ್ಮ, ಆ ಕೈ ನೋಡು" ಅಂದರು ಅಜ್ಜಿ. ಆ ಕೈಯಲ್ಲೂ ಸಿಗಲಿಲ್ಲ.

ಇನ್‌ಚಾರ್ಜ್ ಸಿಸ್ಟರ್ ನನ್ನನ್ನ ಜನರಲ್ ವಾರ್ಡಿಗೆ ಕಳಿಸಿದರು. ಅವರು ಮಾಡಿದ್ದು ಸರಿ. ಕಾಲೇಜಲ್ಲಿ ಕಲಿಯಬೇಕಿದ್ದನ್ನ ಕೆಲಸಕ್ಕೆ ಸೇರಿದ ಮೇಲೆ ಒಂದೊಂದಾಗಿ ಕಲಿತು ಮತ್ತೆ ಐಸಿಯು ಸೇರುವಷ್ಟರಲ್ಲಿ ನನ್ನ ಬ್ಯಾಚಿನ ಎಷ್ಟೋ ಜನ ಮುಂದೆ ಹೋಗಿದ್ದರು. ನನಗೆ ಈಗ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್, ಅಂದ್ರೆ ತೀರಾ ಸೀರಿಯಸ್ ಆದವರನ್ನ ನೋಡಿಕೊಳ್ಳೋ ನರ್ಸ್‌ಗಳ ಮೇಲಿನ ಹಂತದ ಕೋರ್ಸ್, ಮಾಡಬೇಕು ಅಂತ ಆಸೆ. ಬಿ.ಎಸ್ಸಿ ಆದ ಮೇಲಿನ 2 ವರ್ಷದ ಕೋರ್ಸ್, ಓದು ಹೆಚ್ಚಾಗಿ ಐಸಿಯುನಲ್ಲೇ ನಡೆಯುತ್ತೆ. ಅದಕ್ಕೆ ಸೇರೋಕೇ ಆಸ್ಪತ್ರೆಯಲ್ಲಿ ಕನಿಷ್ಠ 1 ವರ್ಷ ಕೆಲಸ ಮಾಡಿದ ಅನುಭವ ಬೇಕು, ಅದು ಕ್ರಿಟಿಕಲ್ ಕೇರ್‌ನಲ್ಲೇ ಆಗಿದ್ದರೆ ಒಳ್ಳೇದು. ಕಾಲೇಜು ಸರಿ ಇದ್ದಿದ್ದರೆ ಇಷ್ಟೊತ್ತಿಗೆ ಅದೂ ಮುಗಿದಿರುತ್ತಿತ್ತು. ಮುಗಿಸಿ ಯಾವುದಾದರೂ ಜಿಲ್ಲಾ ಆಸ್ಪತ್ರೆಯ ಐಸಿಯುನಲ್ಲಿ ಹೊಸಬರಿಗೆ ಕೈ ಹಿಡಿದು ಕಲಿಸಬೇಕು ಅಂತಿದೆ. ಲಂಡನ್ ಈಗ ನೆನಪಿಗೂ ಬರಲ್ಲ.

ಅದಕ್ಕೇ ಹೇಳ್ತೀನಿ, ಜರ್ಮನಿಯನ್ನ ಮುಂದಿಟ್ಟುಕೊಂಡು ಕೋರ್ಸ್ ಆರಿಸಬೇಡಿ. ಜರ್ಮನ್ ಭಾಷೆಯನ್ನ ಅಲ್ಲಿ ನರ್ಸ್‌ಗಳಿಂದ ಸಾಮಾನ್ಯವಾಗಿ ಕೇಳೋ ಬಿ2 ಮಟ್ಟದ ತನಕ ಆಮೇಲೂ ಕಲಿಯಬಹುದು. ಇನ್ನು ಕೋರ್ಸಿನ ಲೆಕ್ಕ ಸುಲಭ. ಬಿ.ಎಸ್ಸಿ 4 ವರ್ಷ. ಜಿಎನ್‌ಎಂ 3 ವರ್ಷ, ಮುಂದೆ ಡಿಗ್ರಿ ಬೇಕಾದರೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಅಂತ ಇನ್ನೂ 2 ವರ್ಷ. ಸೈನ್ಸ್ ಓದಿದ್ದೀರಿ, ಮಾರ್ಕ್ಸ್ ಇದ್ದರೆ ಬಿ.ಎಸ್ಸಿಗೇ ಹೋಗಿ. ಆದರೆ ಖಾಲಿ ಆಸ್ಪತ್ರೆಯ ಬಿ.ಎಸ್ಸಿಗಿಂತ ಜನ ತುಂಬಿದ ಸರ್ಕಾರಿ ಆಸ್ಪತ್ರೆಯ ಜಿಎನ್‌ಎಂ ಎಷ್ಟೋ ಮೇಲು. ಈ ಮಾತಿಗೆ ನಮ್ಮ ಫೀಲ್ಡಿನ ಕೆಲವರು ಒಪ್ಪಲ್ಲ, ನಾನು ಮಾತ್ರ ಬದಲಾಯಿಸಲ್ಲ. ಏಜೆಂಟ್ ಕೈಗೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡಲೇಬೇಡಿ.

ಫೀಸು ಕಟ್ಟೋಕೆ ಮುಂಚೆ ಒಂದು ದಿನ ಬೆಳಿಗ್ಗೆ, ಆ ಕಾಲೇಜಿನವರು ಪೋಸ್ಟಿಂಗ್‌ಗೆ ಹೋಗೋ ಆಸ್ಪತ್ರೆ ಹತ್ತಿರ ಹೋಗಿ. ಕೊನೇ ವರ್ಷದವರು ಯೂನಿಫಾರ್ಮಲ್ಲಿ ಬರ್ತಾರೆ. ಪ್ರಿನ್ಸಿಪಾಲರನ್ನ ಕೇಳೋದಕ್ಕಿಂತ ಅವರನ್ನ ಕೇಳಿ: ಹೋದ ವಾರ ನಿಮ್ಮ ಕೈಯಾರೆ ಏನೇನು ಮಾಡಿದಿರಿ, ಲೇಬರ್ ರೂಮಲ್ಲಿ ನಿಮ್ಮನ್ನ ಹತ್ತಿರ ಬಿಡ್ತಾರಾ, ನೈಟ್ ಡ್ಯೂಟಿ ಹಾಕ್ತಾರಾ? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಬೇರೆ ಕಾಲೇಜು ನೋಡಿ.