ಟೈರ್ ಬದಲಿಸಿದ ಮ್ಯಾಲೆ ಬೆಲ್ಟ್ ಕುಂಯ್‌ಗುಡ್ತಿದ್ರ

ಹಿಂದಿನ ಟೈರ್ ಹೊಸದು ಹಾಕಿಸಿದ ಮ್ಯಾಲೇ ನಿಮ್ಮ ಹಾರ್ಲೆ-ಡೇವಿಡ್ಸನ್ ಸ್ಟ್ರೀಟ್ 750 ಬೈಕಿನ ಬೆಲ್ಟ್ (ಚೈನ್ ಬದ್ಲಿ ಹಿಂದಿನ ಗಾಲಿ ತಿರುಗಿಸೂ ಪಟ್ಟಿ) ಕುಂಯ್ ಅನ್ನಾಕ ಹತ್ತೇತಿ ಅಂದ್ರ, ಗಾಲಿ ಕೂಡಿಸುವಾಗ ಬೆಲ್ಟ್ ಬಿಗಿ ಜಾಸ್ತಿ ಆಗಿರಬೇಕು, ಇಲ್ಲಾ ಗಾಲಿ ಸೊಟ್ಟ ಕುಂತಿರಬೇಕು. ನಮ್ಮ ವಿಜಯಪುರ ಕಡೆ ಧೂಳಿಗೂ ಇದ ಸಪ್ಪಳ ಬರ್ತೈತಿ. ಅದಕ್ಕ ಮೊದಲ ಬೆಲ್ಟ್, ಪುಲಿ (ಬೆಲ್ಟ್ ಸುತ್ತೂ ಹಲ್ಲಿನ ಚಕ್ರ) ಎರಡೂ ಸೋಪಿನ ನೀರಿಂದ ತೊಳದು, ಒಣಗಿಸಿ ನೋಡ್ರಿ. ಎಣ್ಣಿ, ಚೈನ್ ಸ್ಪ್ರೇ ಮಾತ್ರ ಹಚ್ಚಬ್ಯಾಡ್ರಿ.

ಆಗಲೂ ಸಪ್ಪಳ ಇದ್ರ ಬಿಗಿ ಅಳೀರಿ. ಗಾಡಿ ಪೂರ್ತಿ ತಣ್ಣಗಿರಬೇಕು, ಮುಂಜಾನೆ ಚಲೋ. ನ್ಯೂಟ್ರಲ್‌ನ್ಯಾಗ ಇಟ್ಟು, ಕೆಳಗಿನ ಬೆಲ್ಟಿನ ನಟ್ಟನಡುವೆ ಬೆಲ್ಟ್ ಗೇಜ್ (ಬೆಲ್ಟಿನ ಬಿಗಿ ಅಳಿಯೂ ಸಾಧನ) ಹಚ್ಚಿ ಕೆಳಗಿಂದ 4.5 ಕೆಜಿ ಭಾರದಷ್ಟು ಒತ್ತಿದಾಗ ಎಷ್ಟು ಮಿಮೀ ಮ್ಯಾಲೆ ಏಳ್ತೈತಿ ಬರಕೊಳ್ರಿ. ಗಾಡಿ ಒಂಚೂರು ಮುಂದ ತಳ್ಳಿ ಮತ್ತ ಅಳೀರಿ, ಹಿಂಗ ನಾಕು ಕಡೆ. ಬಿಗಿ ಎಲ್ಲಾ ಕಡೆ ಒಂದ ಸಮ ಇರೂದಿಲ್ಲ, ಅತಿ ಬಿಗಿ ಬಂದ ಜಾಗದ ಅಳತಿನ ಲೆಕ್ಕ. ಅದನ್ನ ನಿಮ್ಮ ಗಾಡಿ ಮ್ಯಾನ್ಯುವಲ್ ಜೋಡಿ ತಾಳೆ ನೋಡ್ರಿ, ಬ್ಯಾರೆ ಮಾಡೆಲ್ ಅಳತಿ ಹೊಂದೂದಿಲ್ಲ.

ಬಿಗಿ ಇದ್ರ ಆಕ್ಸಲ್ (ಹಿಂದಿನ ಗಾಲಿ ಅಚ್ಚು) ನಟ್ ಸಡ್ಲ ಮಾಡಿ, ಎರಡೂ ಕಡೆ ಅಡ್ಜಸ್ಟರ್ (ಗಾಲಿ ಹಿಂದ-ಮುಂದ ಸರಿಸೂ ತಿರುಪು) ಕಾಲು ಸುತ್ತಿನಂಗ ಸಮ ಸಡ್ಲಿಸಿ, ಗಾಲಿ ಮುಂದಕ್ಕ ಒತ್ರಿ. ಸ್ವಿಂಗ್‌ಆರ್ಮ್ ಪಿವಟ್‌ನಿಂದ (ಹಿಂದಿನ ಗಾಲಿ ಹಿಡಿದ ತೋಳು ಗಾಡಿ ಚೌಕಟ್ಟಿಗೆ ಕೂಡೂ ಜಾಗದಿಂದ) ಆಕ್ಸಲ್ ನಡುತನಕ ಎರಡೂ ಬದಿ ಅಳತಿ ಒಂದ ಇರಬೇಕು. ಟಾರ್ಕ್ ರೆಂಚಿಂದ (ಎಷ್ಟು ಬಿಗಿ ಅಂತ ತೋರಿಸೂ ಪಾನಾ) ನಟ್ ಬಿಗಿದ ಮ್ಯಾಲೆ ಮತ್ತೊಮ್ಮೆ ಅಳೀರಿ, ನಟ್ ತಿರುವುವಾಗ ಅಳತಿ ಬದಲಾಗ್ತೈತಿ. ಬಾಳ ಬಿಗಿ ಬಿಟ್ರ ಗೇರ್‌ಬಾಕ್ಸ್ ಬೇರಿಂಗ್ ಹೋಗ್ತೈತಿ, ಬಾಳ ಸಡ್ಲ ಬಿಟ್ರ ಹಲ್ಲು ಜಿಗಿತೈತಿ.

ಬೆಲ್ಟಿನ ಹಲ್ಲಿನ ಬುಡದಾಗ ಸೀಳು, ಇಲ್ಲಾ ಕಲ್ಲು ಹೊಕ್ಕು ತೂತು ಕಂಡ್ರ ಅಡ್ಜಸ್ಟ್ ಮಾಡಾಕ ಹೋಗಬ್ಯಾಡ್ರಿ, ಬೆಲ್ಟನ ಬದಲಿಸ್ರಿ.