ಯುರೇನಿಯಂ ಲೆಕ್ಕದಲ್ಲಿ ಕೊರತೆ ಬಂದರೆ ಏನು ಮಾಡುತ್ತಾರೆ?

ಪರಮಾಣು ಇಂಧನ ಕಾರ್ಖಾನೆಗಳ ಸಾಮಗ್ರಿ ಲೆಕ್ಕದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: 1960ರ ದಶಕದಲ್ಲಿ ಅಮೆರಿಕದ ಒಂದು ಕಾರ್ಖಾನೆಯಿಂದ ಬಾಂಬ್ ದರ್ಜೆಯ ಯುರೇನಿಯಂ ಹತ್ತಿರ ಹತ್ತಿರ ನೂರು ಕಿಲೋ ಮಾಯವಾಯಿತು ಎಂದು ಓದಿದೆ. ಅಷ್ಟು ಮಾಲು ಕಣ್ಣೆದುರೇ ಹೇಗೆ ಕಾಣೆಯಾಗುತ್ತದೆ? ಕದ್ದರೇ? (ಶಿವಮೊಗ್ಗದ ಓದುಗರು)

ನೀವು ಓದಿದ್ದು ಪೆನ್ಸಿಲ್ವೇನಿಯಾದ ಅಪೊಲೊ ಊರಿನ ನ್ಯುಮೆಕ್ ಕಂಪನಿಯ ವಿಷಯ. 1957ರಲ್ಲಿ ಝಲ್ಮನ್ ಶಪೀರೊ ಇದನ್ನು ಕಟ್ಟಿದರು. ಹಳೆಯ ಉಕ್ಕಿನ ಕಾರ್ಖಾನೆಯ ಕಟ್ಟಡದಲ್ಲಿ ಸಮೃದ್ಧ (ಸೀಳಿ ಶಕ್ತಿ ಕೊಡುವ ಯುರೇನಿಯಂ-235ರ ಪಾಲು ಹೆಚ್ಚಿಸಿದ) ಯುರೇನಿಯಂ ಹೆಕ್ಸಾಫ್ಲೋರೈಡನ್ನು ಆಕ್ಸೈಡ್ ಪುಡಿಯಾಗಿಸುವುದು, ಇಂಧನ ತಯಾರಿಸುವುದು, ಇತರರು ಕಳಿಸಿದ ಚೂರುಪಾರಿನಿಂದ ಯುರೇನಿಯಂ ಮರಳಿ ತೆಗೆಯುವುದು ಇಲ್ಲಿನ ಕೆಲಸ. ಲೆಕ್ಕ ಇಡುವವರಿಗೆ ಕೊನೆಯದೇ ದೊಡ್ಡ ತಲೆನೋವು. ಶುದ್ಧ ಪುಡಿಯ ಡಬ್ಬಿಯಲ್ಲಿ ಎಷ್ಟು ಯುರೇನಿಯಂ ಇದೆ ಎಂದು ಸಾವಿರಕ್ಕೆ ಒಂದು ಪಾಲಿನ ನಿಖರತೆಯಲ್ಲಿ ಹೇಳಬಹುದು. ಗ್ರಾಫೈಟ್, ಬೂದಿ, ಒರೆಸಿದ ಬಟ್ಟೆ ಕಲಸಿಕೊಂಡ ಡ್ರಮ್ಮಿಗೆ ಆ ಮಾತು ಹೇಳಲಾಗದು.

1965ರ ಕೊನೆಯಲ್ಲಿ ಅಮೆರಿಕದ ಅಣುಶಕ್ತಿ ಆಯೋಗದವರು ಬಂದು ಎಣಿಸಿದರು. ಕಂಪನಿ ಶುರುವಾದಾಗಿನಿಂದ ಆದ ಒಟ್ಟು ನಷ್ಟ ಸುಮಾರು 178 ಕೆ.ಜಿ. ಎಂದಾಯಿತು. ಅದರಲ್ಲಿ 84 ಕೆ.ಜಿ. ಗೊತ್ತಿರುವ ದಾರಿಗಳಲ್ಲಿ, ಅಂದರೆ ತ್ಯಾಜ್ಯ ನೀರು, ಚಿಮಣಿ, ಕಸದ ಮೂಲಕ ಹೋಗಿದೆ ಎಂಬುದು ಅಂದಾಜು. ಉಳಿದ 94 ಕೆ.ಜಿ.ಗೆ ವಿವರಣೆ ಸಿಗಲಿಲ್ಲ. ಕಂಪನಿಯವರು ಹೂತ ತ್ಯಾಜ್ಯದಲ್ಲಿ ಇರಬೇಕು ಎಂದರು. ಗುಂಡಿ ಅಗೆದು ಅಳೆದಾಗ ಸಿಕ್ಕಿದ್ದು ಕೊರತೆಯ ಮುಂದೆ ಏನೇನೂ ಅಲ್ಲ.

ಆಗಿನ ನಿಯಮವೂ ವಿಚಿತ್ರ. ಯುರೇನಿಯಂ ಸರ್ಕಾರದ್ದು, ಕಳೆದುಹೋದರೆ ಕಂಪನಿ ದುಡ್ಡು ಕಟ್ಟಬೇಕು, ಅಷ್ಟೇ. ಇಷ್ಟು ದುಬಾರಿ ಮಾಲನ್ನು ಯಾರೂ ಸುಮ್ಮನೆ ಕಳೆದುಕೊಳ್ಳಲಾರರು ಎಂಬ ನಂಬಿಕೆಯೇ ಕಾವಲು. ಒಂದು ಗುತ್ತಿಗೆಯ ಕೊರತೆಯನ್ನು ಮುಂದಿನ ಗುತ್ತಿಗೆಯ ಮಾಲಿನಿಂದ ತುಂಬಿಸಿದ್ದರಿಂದ, ನಷ್ಟ ಯಾವ ವರ್ಷ ಆಯಿತೆಂದು ಹೇಳುವುದೂ ಕಷ್ಟವಾಯಿತು.

ಇಸ್ರೇಲಿಗೆ ಹೋಯಿತೆಂಬ ಅನುಮಾನ ಎದ್ದು ಎಫ್‌ಬಿಐ, ಸಿಐಎ ಎರಡೂ ವರ್ಷಗಟ್ಟಲೆ ಬೆನ್ನು ಹತ್ತಿದವು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. 2016ರಲ್ಲಿ ತೀರಿಕೊಂಡ ಶಪೀರೊ ಆರೋಪವನ್ನು ಕೊನೆಯವರೆಗೂ ಅಲ್ಲಗಳೆದರು. ಕದ್ದರೋ ಇಲ್ಲವೋ ಎಂದು ಈಗ ಲೆಕ್ಕದ ಪುಸ್ತಕದಿಂದ ತೀರ್ಮಾನಿಸಲು ಸಾಧ್ಯವಿಲ್ಲ. ಹೊರಗೆ ಹೋಗುವ ಕಸವನ್ನು ಹೋಗುವ ದಿನವೇ ಅಳೆಯದ ಕಾರ್ಖಾನೆಯಲ್ಲಿ ಕಳ್ಳತನವೂ ಸೋರಿಕೆಯೂ ಪುಸ್ತಕದಲ್ಲಿ ಒಂದೇ ಥರ ಕಾಣುತ್ತವೆ. ಪತ್ತೇದಾರಿ ಕಥೆಗೆ ಸಿಕ್ಕಿದ ಪ್ರಚಾರ ಈ ಸಂಗತಿಗೆ ಸಿಕ್ಕಿಲ್ಲ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ಈ ಲೆಕ್ಕವನ್ನು ಬರೆಯುವ ಕ್ರಮ ಹೇಗೆ? ಎಷ್ಟು ವ್ಯತ್ಯಾಸ ಬಂದರೆ ಗಾಬರಿಯಾಗಬೇಕು? (ಮೈಸೂರಿನ ಓದುಗರು)

ನಿಮ್ಮ ರೋಕಡಿ ಪುಸ್ತಕದ ಕ್ರಮವೇ. ಆರಂಭದ ಶಿಲ್ಕಿಗೆ ಜಮಾ ಕೂಡಿಸಿ, ಖರ್ಚು ಕಳೆದು, ಬಂದ ಮೊತ್ತದಿಂದ ಆಖೈರು ಶಿಲ್ಕನ್ನು ಕಳೆಯುವುದು. ಉಳಿಯುವ ಅಂಕಿಗೆ ಮಫ್ ಎನ್ನುತ್ತಾರೆ, ಲೆಕ್ಕಕ್ಕೆ ಸಿಗದ ಸಾಮಗ್ರಿ ಎಂದರ್ಥ. ವ್ಯತ್ಯಾಸ ಒಂದೇ: ರೋಕಡಿಯಲ್ಲಿ ನೋಟು ಎಣಿಸುತ್ತೀರಿ, ಇಲ್ಲಿ ಪ್ರತಿಯೊಂದು ಅಂಕಿಯೂ ಅಳತೆಯಿಂದ ಬಂದದ್ದು. ಪ್ರತಿ ಅಳತೆಗೂ ಅದರದೇ ತಪ್ಪಿನ ಅಂಚು ಉಂಟು. ಹಾಗಾಗಿ ಮಫ್ ಸೊನ್ನೆ ಬರುವುದಿಲ್ಲ. ವರ್ಷವೂ ಸೊನ್ನೆ ತೋರಿಸುವ ಕಾರ್ಖಾನೆಯನ್ನು ಪರಿವೀಕ್ಷಕರು ಮೊದಲು ಅನುಮಾನಿಸುತ್ತಾರೆ, ಯಾರೋ ಅಂಕಿ ಹೊಂದಿಸಿದ್ದಾರೆ ಎಂದು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ವಿದ್ಯುತ್ ರಿಯಾಕ್ಟರಿಗೆ ಶೇ 4 ಸಮೃದ್ಧ ಇಂಧನ ಮಾಡುವ ಕಾರ್ಖಾನೆ. ಆರಂಭದ ಶಿಲ್ಕು 12,000 ಕೆ.ಜಿ. ಯುರೇನಿಯಂ, ವರ್ಷದ ಜಮಾ 60,000, ಕಳಿಸಿದ್ದು 58,500, ಅಳೆದು ಹೊರಹಾಕಿದ ತ್ಯಾಜ್ಯ 40, ಆಖೈರು ಶಿಲ್ಕು 13,420. ಮಫ್ 40 ಕೆ.ಜಿ. ಬಂತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಯುರೇನಿಯಂ ಇಂಧನ ತಯಾರಿಕೆಗೆ ನಿರೀಕ್ಷಿಸುವ ಅನಿಶ್ಚಿತತೆ ಶೇ 0.3. ಅರವತ್ತು ಟನ್ನಿಗೆ ಅದು 180 ಕೆ.ಜಿ. ಆದ್ದರಿಂದ 40 ಕೆ.ಜಿ. ಕೊರತೆ ಅಳತೆಯ ಗದ್ದಲದೊಳಗೇ ಇದೆ. ಅದರಲ್ಲಿರುವ ಯುರೇನಿಯಂ-235 ಬರೀ 1.6 ಕೆ.ಜಿ. ಈ ದರ್ಜೆಯಲ್ಲಿ ಸಂಸ್ಥೆ ಚಿಂತಿಸುವ ಪ್ರಮಾಣ, ಅಂದರೆ ಒಂದು ಬಾಂಬಿಗೆ ಬೇಕಾಗಬಹುದಾದ ಮಾಲು, 75 ಕೆ.ಜಿ.

ಬಾಂಬ್ ದರ್ಜೆಯದಾದರೆ ಆ ಮಿತಿ 25 ಕೆ.ಜಿ. ಯುರೇನಿಯಂ-235ಕ್ಕೆ ಇಳಿಯುತ್ತದೆ, ಪ್ಲುಟೋನಿಯಂಗೆ 8 ಕೆ.ಜಿ. ಶೇಕಡಾವಾರು ನಿಖರತೆ ಅದೇ ಇದ್ದರೂ ಪರಿಣಾಮ ಬೇರೆ. ಬಳಸಿದ ಇಂಧನವನ್ನು ಸಂಸ್ಕರಿಸುವ ಘಟಕಕ್ಕೆ ನಿರೀಕ್ಷಿತ ಅನಿಶ್ಚಿತತೆ ಶೇ 1. ವರ್ಷಕ್ಕೆ 800 ಟನ್ ಇಂಧನ ಸಂಸ್ಕರಿಸಿ ಸುಮಾರು 8 ಟನ್ ಪ್ಲುಟೋನಿಯಂ ತೆಗೆಯುವ ಕಡೆ ಈ ಶೇ 1 ಎಂದರೆ 80 ಕೆ.ಜಿ., ಹತ್ತು ಬಾಂಬಿನ ಮಾಲು. ಅದಕ್ಕೇ ಅಲ್ಲಿ ವರ್ಷಕ್ಕೊಮ್ಮೆ ಶಿಲ್ಕು ತೆಗೆದರೆ ಸಾಲದು, ತಿಂಗಳಿಗೊಮ್ಮೆ ತೆಗೆಯಬೇಕು.

ಪ್ರಶ್ನೆ: ಕೊರತೆ ಬಂತು ಎಂದಿಟ್ಟುಕೊಳ್ಳಿ. ಮೊದಲು ಎಲ್ಲಿ ಹುಡುಕುತ್ತಾರೆ? ನಾನು ರಾಸಾಯನಿಕ ಕಾರ್ಖಾನೆಯಲ್ಲಿ ಶಿಫ್ಟ್ ಉಸ್ತುವಾರಿ, ನಮ್ಮಲ್ಲೂ ಪುಡಿ ಲೆಕ್ಕ ಸೇರುವುದಿಲ್ಲ. (ಹುಬ್ಬಳ್ಳಿಯ ಓದುಗರು)

ಮೊದಲು ಕಾಗದದಲ್ಲಿ. ಯಂತ್ರ ಬಿಚ್ಚುವ ಮುಂಚೆ ಕಾಗದ ತಿದ್ದುವುದು ಅಗ್ಗ, ಎಷ್ಟೋ ಕೊರತೆಗಳು ಅಲ್ಲೇ ಮುಗಿಯುತ್ತವೆ. ಡಬ್ಬಿಯ ತೂಕ ಕಳೆಯದೆ ಬರೆದದ್ದು, 61 ಇರಬೇಕಾದಲ್ಲಿ 16 ಬರೆದದ್ದು, ಒಂದೇ ಡಬ್ಬಿಯನ್ನು ಎರಡು ಕೋಣೆಗಳಲ್ಲಿ ಎಣಿಸಿದ್ದು, ಸಮೃದ್ಧತೆಯ ಸಂಕೇತ ತಪ್ಪಿದ್ದು.

ಇವುಗಳಲ್ಲಿ ಬಲು ಮೋಸದ್ದು ಯುರೇನಿಯಂ ಗುಣಕ, ಅಂದರೆ ಪುಡಿಯ ತೂಕದಲ್ಲಿ ಯುರೇನಿಯಂ ಎಷ್ಟು ಪಾಲು ಎಂಬ ಅಂಕಿ. ಯುರೇನಿಯಂ ಡೈಆಕ್ಸೈಡಿನ ತೂಕದಲ್ಲಿ ಶೇ 88.15 ಯುರೇನಿಯಂ. ಅದೇ ಪುಡಿ ಪೂರ್ತಿ ಉತ್ಕರ್ಷಣಗೊಂಡು ಯು3ಒ8 ಎಂಬ ಇನ್ನೊಂದು ಆಕ್ಸೈಡ್ ಆದರೆ ಶೇ 84.80. ಯುರೇನಿಯಂ ಒಂದು ಗ್ರಾಂ ಬದಲಾಗದೆ, ಪುಡಿಯ ತೂಕ ಮಾತ್ರ ಶೇ 3.95 ಏರುತ್ತದೆ. 20 ಕೆ.ಜಿ. ಯು3ಒ8 ಡಬ್ಬಿಗೆ ಡೈಆಕ್ಸೈಡಿನ ಗುಣಕ ಹಾಕಿದರೆ 16.96ರ ಬದಲು 17.63 ಕೆ.ಜಿ. ಯುರೇನಿಯಂ ಎಂದು ಬರೆದುಹೋಗುತ್ತದೆ. ಡಬ್ಬಿಗೆ 670 ಗ್ರಾಂ ಇಲ್ಲದ ಮಾಲು. ಅಂಥ ನೂರು ಡಬ್ಬಿ ಆರಂಭದ ಶಿಲ್ಕಿನಲ್ಲಿದ್ದರೆ ಮುಂದಿನ ವರ್ಷ 67 ಕೆ.ಜಿ. "ಕಾಣೆ". ನುಣುಪು ಪುಡಿ ಗಾಳಿಯಲ್ಲಿ ತಾನಾಗಿಯೇ ಒಂದಿಷ್ಟು ಆಮ್ಲಜನಕ, ತೇವ ಹೀರುತ್ತದೆ. ಹಾಗಾಗಿ ಮಾದರಿ ತೆಗೆದ ಹೊತ್ತಿಗೇ ತೂಕವನ್ನೂ ತೆಗೆದುಕೊಳ್ಳಬೇಕು. ಸೋಮವಾರದ ತೂಕಕ್ಕೆ ಗುರುವಾರದ ಮಾದರಿಯ ಶೇಕಡಾವಾರು ಹಚ್ಚಿದರೆ ತಪ್ಪು ಅಲ್ಲಿಂದಲೇ ಶುರು.

ಕಾಗದ ಸರಿಯಿದ್ದರೆ ತಕ್ಕಡಿಗೆ ಬನ್ನಿ. ಪ್ರಮಾಣಿತ ತೂಕ ಇಟ್ಟು ಪರೀಕ್ಷಿಸಿ, ಆರಿಸಿದ ಡಬ್ಬಿಗಳನ್ನು ಮತ್ತೆ ತೂಗುತ್ತಾರೆ. ಪ್ರಯೋಗಾಲಯದಲ್ಲಿ ಡೇವಿಸ್-ಗ್ರೇ ಟೈಟ್ರೇಷನ್ ಮಾಡುತ್ತಾರೆ: ಫಾಸ್ಫೋರಿಕ್ ಆಮ್ಲದಲ್ಲಿ ಫೆರಸ್ ಕಬ್ಬಿಣದಿಂದ ಯುರೇನಿಯಂ ಅಪಕರ್ಷಿಸಿ, ಡೈಕ್ರೋಮೇಟಿನಿಂದ ಅಳೆಯುವ ವಿಧಾನ. ಇದರ ನಿಖರತೆ ಸಾವಿರಕ್ಕೆ ಒಂದು ಪಾಲಿಗಿಂತ ಚೆನ್ನಾಗಿದೆ. ಪ್ರಯೋಗಾಲಯ ತಪ್ಪಿದ್ದಕ್ಕಿಂತ, ಡ್ರಮ್ಮಿನ ಮೇಲ್ಪದರದಿಂದ ಮಾತ್ರ ಮಾದರಿ ತೆಗೆದು ಕೆಟ್ಟದ್ದೇ ಹೆಚ್ಚು. ಹೆಕ್ಸಾಫ್ಲೋರೈಡ್ ತುಂಬಿ ಬಂದ ಸಿಲಿಂಡರುಗಳನ್ನೂ ನೋಡಬೇಕು. 2,277 ಕೆ.ಜಿ. ಹಿಡಿಯುವ 30ಬಿ ಎಂಬ ಮಾದರಿಯ ಸಿಲಿಂಡರನ್ನು "ಖಾಲಿ" ಎಂದು ವಾಪಸು ಕಳಿಸುವಾಗ ತಳದಲ್ಲಿ 11 ಕೆ.ಜಿ.ವರೆಗೆ ಹೆಕ್ಸಾಫ್ಲೋರೈಡ್ ಇರಬಹುದು. ಅದು ನಿಮ್ಮ ಲೆಕ್ಕದಿಂದ ಹೊರಬಿದ್ದಿದೆಯೇ?

ಇಷ್ಟಾದ ಮೇಲೆ ಯಂತ್ರಗಳ ಸರದಿ. ಹಿಟ್ಟಿನ ಗಿರಣಿಯಲ್ಲಿ ತೊಲೆಯ ಮೇಲೆಲ್ಲ ಹಿಟ್ಟು ಕೂತಂತೆ, ಇಲ್ಲಿ ಪುಡಿ ಕೂರುತ್ತದೆ. ಇದಕ್ಕೆ ಹೋಲ್ಡಪ್ ಎನ್ನುತ್ತಾರೆ. ಕ್ಯಾಲ್ಸಿನರಿನ (ಪುಡಿ ಕಾಯಿಸುವ ಯಂತ್ರದ) ಒಳಗೋಡೆ, ಬ್ಲೆಂಡರಿನ ಮೂಲೆ, ಗಾಳಿ ಕೊಳವೆಯ ತಿರುವು, ಫಿಲ್ಟರು, ಕುಲುಮೆಯ ಇಟ್ಟಿಗೆ, ತೊಟ್ಟಿಯ ತಳದ ಕೆಸರು. ಎಷ್ಟು ಕೂರಬಹುದು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಅಮೆರಿಕದ ಕೊಲರಾಡೊದ ರಾಕಿ ಫ್ಲಾಟ್ಸ್ ಕಾರ್ಖಾನೆಯ ಗಾಳಿ ಕೊಳವೆಗಳಲ್ಲಿ ಸುಮಾರು 28 ಕೆ.ಜಿ. ಪ್ಲುಟೋನಿಯಂ ಇರುವುದು 1990ರ ಸುಮಾರಿಗೆ ಹೊರಬಿತ್ತು. ಜಪಾನಿನ ತೊಕಾಯ್‌ನ ಇಂಧನ ಘಟಕದಲ್ಲಿ 1994ರ ಹೊತ್ತಿಗೆ ಗ್ಲೋವ್‌ಬಾಕ್ಸುಗಳೊಳಗೆ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಗಳೊಳಗೆ) ಸುಮಾರು 70 ಕೆ.ಜಿ. ಪ್ಲುಟೋನಿಯಂ ಜಮೆಯಾಗಿತ್ತು. ಪೆಟ್ಟಿಗೆಗಳನ್ನು ಬಿಚ್ಚಿ ಕೆರೆದು ತೆಗೆದ ಮೇಲೆ 1996ರಲ್ಲಿ ಅದು 10 ಕೆ.ಜಿ.ಗಿಂತ ಕೆಳಗಿಳಿಯಿತು.

ಬಿಚ್ಚದೆ ಅಳೆಯಲು ಗಾಮಾ ಡಿಟೆಕ್ಟರ್ ಹಿಡಿದು ಕೊಳವೆಯ ಉದ್ದಕ್ಕೂ ಸಾಗುತ್ತಾರೆ. ಯುರೇನಿಯಂ-235 ಸೂಸುವ 186 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣವನ್ನು ಎಣಿಸಿ, ವಸ್ತು ಚುಕ್ಕೆಯಂತಿದೆಯೋ ಗೆರೆಯಂತಿದೆಯೋ ಹಾಳೆಯಂತಿದೆಯೋ ಎಂದು ಊಹಿಸಿ ಗ್ರಾಂಗೆ ಪರಿವರ್ತಿಸುವುದು. ಈ ಕಿರಣ ದುರ್ಬಲ. ಪುಡಿಯ ಪದರ ದಪ್ಪವಿದ್ದರೆ ಒಳಗಿನ ಪುಡಿಯ ಕಿರಣವನ್ನು ಹೊರಗಿನ ಪುಡಿಯೇ ನುಂಗುತ್ತದೆ, ನೀವು ಕಡಿಮೆ ಓದುತ್ತೀರಿ. ಸಹಜ ಯುರೇನಿಯಂಗೆ 1001 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣ ಬಳಸುತ್ತಾರೆ. ಅದು ಯುರೇನಿಯಂ-238 ಕ್ಷಯಿಸಿ ಹುಟ್ಟುವ ಮಗಳುಧಾತುವಿನಿಂದ ಬರುವುದು, ಆಗತಾನೇ ಶುದ್ಧೀಕರಿಸಿದ ಮಾಲಿನಲ್ಲಿ ಆ ಮಗಳು ಬೆಳೆಯಲು ಮೂರು ನಾಲ್ಕು ತಿಂಗಳು ಬೇಕು. ಎಲ್ಲ ಸೇರಿ ಹೋಲ್ಡಪ್ ಅಳತೆಯಲ್ಲಿ ಶೇ 20ರಿಂದ 50ರಷ್ಟು ತಪ್ಪು ಮಾಮೂಲು. ಆದ್ದರಿಂದ ಕೊರತೆ ದೊಡ್ಡದಿದ್ದರೆ ಡಿಟೆಕ್ಟರನ್ನು ನಂಬಿ ಕೂರಬೇಡಿ. ಮೂರು ದಿನದ ಉತ್ಪಾದನೆ ಹೋದರೂ ಸರಿ, ಯಂತ್ರ ನಿಲ್ಲಿಸಿ, ಬಿಚ್ಚಿ, ಗುಡಿಸಿ ತೂಗುವುದೇ ನಂಬಿಕೆಯ ದಾರಿ. ನಿಮ್ಮ ಕಾರ್ಖಾನೆಗೂ ಇದೇ ಸಲಹೆ.

ಪ್ರಶ್ನೆ: ನಮ್ಮ ಕೈಗಾದಲ್ಲೂ ಹೀಗೆ ಗ್ರಾಂ ಲೆಕ್ಕ ಇಡುತ್ತಾರೆಯೇ? (ಕಾರವಾರದ ಓದುಗರು)

ಅಲ್ಲಿ ಎಣಿಸಿದರೆ ಆಯಿತು. ಕೈಗಾದ 220 ಮೆಗಾವಾಟ್ ರಿಯಾಕ್ಟರಿನಲ್ಲಿ 306 ನಾಳಗಳು, ನಾಳಕ್ಕೆ 12 ಇಂಧನ ಕಟ್ಟು, ಒಟ್ಟು 3,672. ಪ್ರತಿ ಕಟ್ಟಿನಲ್ಲಿ ಹದಿಮೂರು ಕಿಲೋ ಚಿಲ್ಲರೆ ಸಹಜ ಯುರೇನಿಯಂ, ಕೊಳವೆಯೊಳಗೆ ಬೆಸುಗೆ ಹಾಕಿ ಮುಚ್ಚಿದ್ದು, ಕಟ್ಟಿಗೊಂದು ಸಂಖ್ಯೆ. ಹೊಸದು ಉಗ್ರಾಣದಲ್ಲಿ, ಉರಿಯುತ್ತಿರುವುದು ನಾಳದಲ್ಲಿ, ಬಳಸಿದ್ದು ನೀರಿನ ಕೊಳದಲ್ಲಿ. ಒಂದು ಕಟ್ಟು ಕಡಿಮೆ ಬಂದರೆ ಅದು ಅಳತೆಯ ತಪ್ಪು ಎನ್ನುವ ಹಾಗಿಲ್ಲ. ಪುಡಿ, ದ್ರಾವಣ, ಚೂರುಗಳ ತೊಡಕೆಲ್ಲ ಈ ಕಟ್ಟುಗಳನ್ನು ತಯಾರಿಸುವ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನದು. 2009ರ ಒಪ್ಪಂದದಡಿ ಐಎಇಎ ಪರಿವೀಕ್ಷಣೆಗೆ ಭಾರತ ಒಪ್ಪಿಸಿದ ರಿಯಾಕ್ಟರುಗಳಲ್ಲಿ ಕೈಗಾದವು ಇಲ್ಲ, ಅಲ್ಲಿನ ಲೆಕ್ಕ ದೇಶದೊಳಗಿನ ವ್ಯವಸ್ಥೆಯದೇ.

ಪ್ರಶ್ನೆ: ಇಷ್ಟು ಕೊರತೆ ಮಾಮೂಲು ಎಂದು ಒಪ್ಪಿಕೊಂಡರೆ, ಒಳಗಿನವನೇ ಆ ಮಿತಿಯೊಳಗೆ ಚೂರುಚೂರೇ ಒಯ್ಯಬಹುದಲ್ಲ? (ಬೆಂಗಳೂರಿನ ಓದುಗರು)

ಒಯ್ದಿದ್ದಾನೆ. 1992ರಲ್ಲಿ ಮಾಸ್ಕೋ ಹತ್ತಿರದ ಪೊದೋಲ್ಸ್ಕ್‌ನ ಲೂಚ್ ಎಂಬ ಪರಮಾಣು ಸಂಶೋಧನಾ ಸಂಸ್ಥೆಯ ನೌಕರನೊಬ್ಬ ಶೇ 90 ಸಮೃದ್ಧ ಯುರೇನಿಯಂ ಸುಮಾರು 1.5 ಕೆ.ಜಿ.ಯನ್ನು, ಸಲಕ್ಕೆ ಕೆಲವೇ ಹತ್ತು ಗ್ರಾಂನಂತೆ ತಿಂಗಳುಗಟ್ಟಲೆ ಮನೆಗೆ ಸಾಗಿಸಿದ. ಅಲ್ಲಿ ಶೇ 3 ನಷ್ಟವನ್ನು ನಿಯಮವೇ ಒಪ್ಪುತ್ತಿತ್ತು, ನಿಜವಾದ ನಷ್ಟ ಅದಕ್ಕಿಂತ ಕಡಿಮೆ. ನಡುವಿನ ಅಂತರ ಅವನ ಪಾಲಾಯಿತು. ಸಿಕ್ಕಿಬಿದ್ದದ್ದೂ ಲೆಕ್ಕದಿಂದಲ್ಲ, ಪೊಲೀಸರ ಕೈಗೆ ಆಕಸ್ಮಿಕವಾಗಿ.

ಇಲ್ಲಿನ ದೋಷ ಎದ್ದು ಕಾಣುತ್ತದೆ: ಮಿತಿಯನ್ನು ನಿಯಮದ ಪುಸ್ತಕದಿಂದ ತೆಗೆದರು, ಅಳತೆಯಿಂದಲ್ಲ. ಮಿತಿಯನ್ನು ಆ ಕಾರ್ಖಾನೆಯ ತಕ್ಕಡಿ, ಮಾದರಿ, ಪ್ರಯೋಗಾಲಯದ ತಪ್ಪುಗಳಿಂದಲೇ ಕಟ್ಟಬೇಕು, ವರ್ಷವರ್ಷ ಬಿಗಿ ಮಾಡಬೇಕು. ಜೊತೆಗೆ ಮಫ್‌ನ ಮೊತ್ತವನ್ನು ಅವಧಿಯಿಂದ ಅವಧಿಗೆ ಕೂಡಿಸುತ್ತ ಹೋಗಬೇಕು. ಬಿಡಿ ತಪ್ಪುಗಳು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದು ಬಹುಪಾಲು ಪರಸ್ಪರ ತೀರುತ್ತವೆ. ಕಳ್ಳತನ, ಹೋಲ್ಡಪ್, ಕೆಟ್ಟ ತಕ್ಕಡಿ ಮೂರೂ ಒಂದೇ ದಿಕ್ಕಿಗೆ ವಾಲುತ್ತವೆ. ಮೂರರಲ್ಲಿ ಯಾವುದು ಎಂದು ಅಂಕಿ ಹೇಳದು, ಅದಕ್ಕೇ ಮುದ್ರೆ, ಕ್ಯಾಮೆರಾ, ಇಬ್ಬರಿಲ್ಲದೆ ಉಗ್ರಾಣ ತೆರೆಯದ ಪದ್ಧತಿ, ಬಾಗಿಲಲ್ಲಿ ವಿಕಿರಣ ಡಿಟೆಕ್ಟರ್ ಇರುವುದು.

ಪ್ರಶ್ನೆ: ಲೆಕ್ಕಕ್ಕಿಂತ ಹೆಚ್ಚು ಸಿಕ್ಕಿದರೆ ಖುಷಿಪಡಬಹುದೇ? ಕಳ್ಳತನ ಬಿಟ್ಟು ಬೇರೆ ಯಾವುದನ್ನಾದರೂ ಈ ಲೆಕ್ಕ ಹಿಡಿದುಕೊಟ್ಟಿದೆಯೇ? (ದಾವಣಗೆರೆಯ ಓದುಗರು)

ಖುಷಿಪಡುವಂತಿಲ್ಲ. ಹೆಚ್ಚು ಬಂದರೆ ಹಿಂದಿನ ವರ್ಷದ ಹೋಲ್ಡಪ್ ಈಗ ಕಳಚಿ ಬಂದಿರಬಹುದು, ಇಲ್ಲವೇ ಬಂದ ಮಾಲನ್ನು ಕಡಿಮೆ ಬರೆದುಕೊಂಡಿರಬಹುದು. ಕೊರತೆಯಷ್ಟೇ ಶ್ರದ್ಧೆಯಿಂದ ತನಿಖೆ ಮಾಡಬೇಕು, ಮಾಡುವವರು ಕಡಿಮೆ.

ಎರಡನೆಯದಕ್ಕೆ ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನಲ್ಲಿ ಬಳಸಿದ ಇಂಧನ ಸಂಸ್ಕರಿಸುತ್ತಿದ್ದ ಥಾರ್ಪ್ ಘಟಕ ನೋಡಿ. ಕರಗಿಸಿದ ಇಂಧನವನ್ನು ಅಳೆಯುವ ತೊಟ್ಟಿಯನ್ನು ತೂಕ ತಿಳಿಯಲೆಂದು ತೂಗುಹಾಕಿದ್ದರು. ತೊಟ್ಟಿ ಅಲುಗಾಡಿ ಅಲುಗಾಡಿ ಅದಕ್ಕೆ ಸೇರಿದ ಕೊಳವೆ ದಣಿದು ಮುರಿಯಿತು. 2004ರಿಂದಲೇ ಸೋರುತ್ತಿದ್ದ ದ್ರಾವಣ 2005ರ ಏಪ್ರಿಲ್‌ನಲ್ಲಿ ಕ್ಯಾಮೆರಾಕ್ಕೆ ಕಂಡಾಗ 83,000 ಲೀಟರ್ ಆಗಿತ್ತು. ಅದರಲ್ಲಿ ಸುಮಾರು 22 ಟನ್ ಯುರೇನಿಯಂ, 160 ಕೆ.ಜಿ. ಪ್ಲುಟೋನಿಯಂ. ಬಂದ ಮಾಲಿಗೂ ಅಳೆದ ಮಾಲಿಗೂ ತಾಳೆಯಾಗದಿರುವುದು ಅಷ್ಟರಲ್ಲಿ ಲೆಕ್ಕದ ಹಾಳೆಯಲ್ಲಿ ಬಂದೇ ಇತ್ತು, ಆದರೆ ಅದನ್ನು ಸೋರಿಕೆಯ ಸುಳಿವೆಂದು ಬೇಗ ಓದಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಹೊದಿಸಿದ ಕೋಣೆಯಾದ್ದರಿಂದ ದ್ರಾವಣ ಹೊರಗೆ ಹೋಗದೆ ಅಲ್ಲೇ ನಿಂತಿತ್ತು, ಪಂಪ್ ಮಾಡಿ ವಾಪಸು ತೆಗೆದರು. 2006ರಲ್ಲಿ ನ್ಯಾಯಾಲಯ ಕಂಪನಿಗೆ 5 ಲಕ್ಷ ಪೌಂಡ್ ದಂಡ ಹಾಕಿತು.