ಯಾರಿಗೂ ಸೇರದ ಬೆಟಾಲಿಯನ್

ನಮಸ್ಕಾರ. ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಅಮೆರಿಕದ 100ನೇ ಕಾಲಾಳು ಬೆಟಾಲಿಯನ್ ಬಗ್ಗೆ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅದರ ಹೆಸರಿನ ಜೊತೆ 'ಸೆಪರೇಟ್' (ಪ್ರತ್ಯೇಕ) ಅಂತ ಯಾಕಿತ್ತು? ಆ ನಾಯಿಗಳ ಕಥೆ ನಿಜವೇ, ಇಲ್ಲ ಸುಮ್ನೆ ಸೇರಿಸಿದ್ದೇ?

ನಾಯಿಗಳ ಕಥೆ ನಿಜ. ಈ ಬೆಟಾಲಿಯನ್‌ನವರು ಹೆಚ್ಚುಕಡಿಮೆ ಎಲ್ಲರೂ ಹವಾಯಿಯ ಜಪಾನಿ ಮೂಲದ ಹುಡುಗರು. ಜಪಾನಿಯರ ಮೈವಾಸನೆಯೇ ಬೇರೆ, ಅದನ್ನು ಹಿಡಿಯಲು ನಾಯಿಗಳಿಗೆ ಕಲಿಸಬಹುದು ಎಂದು ಯಾರೋ ಸೈನ್ಯವನ್ನು ನಂಬಿಸಿದ್ದರು. ಅದಕ್ಕಾಗಿ 1942ರ ಕೊನೆಯಲ್ಲಿ 25 ಜನರನ್ನು ಮಿಸಿಸಿಪಿ ರಾಜ್ಯದ ತೀರದಾಚೆಯ ಕ್ಯಾಟ್ ಐಲ್ಯಾಂಡಿಗೆ ಕಳಿಸಿದರು. (ನಾಯಿ ಪಳಗಿಸಲು ಬೆಕ್ಕಿನ ಹೆಸರಿನ ದ್ವೀಪ!) ಇವರು ಪೊದೆಯಲ್ಲಿ ಅಡಗಬೇಕು, ನಾಯಿ ಹುಡುಕಬೇಕು. ಗುಂಡು ಬಿದ್ದವರಂತೆ ನೆಲಕ್ಕೆ ಬಿದ್ದಾಗ ಕುತ್ತಿಗೆಯ ಹತ್ತಿರ ಮಾಂಸದ ತುಂಡು. ನಾಯಿ ಬಂದು ಅದನ್ನು ತಿನ್ನುತ್ತಿತ್ತು. ಜಪಾನಿ ವಾಸನೆ ಅಂತ ಒಂದಿದ್ದರೆ ತಾನೇ ಸಿಗುವುದು? ಕೆಲವು ತಿಂಗಳಲ್ಲಿ ಯೋಜನೆ ಕೈಬಿಟ್ಟರು.

ಇನ್ನು 'ಸೆಪರೇಟ್'. ಸಾಮಾನ್ಯವಾಗಿ ಕಾಲಾಳು ಬೆಟಾಲಿಯನ್ ಒಂದು ರೆಜಿಮೆಂಟಿಗೆ, ಅಂದರೆ ಕೆಲವು ಬೆಟಾಲಿಯನ್‌ಗಳು ಕೂಡಿದ ದೊಡ್ಡ ತುಕಡಿಗೆ, ಸೇರಿರುತ್ತದೆ. ಇವರಿಗೆ ಅಂಥ ಮನೆಯೇ ಇರಲಿಲ್ಲ. ಬಹಳ ಜನ, ಜಪಾನ್ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಮಾಡಿದ ದಾಳಿಗೂ ಮುಂಚೆಯೇ ಸೈನ್ಯದಲ್ಲಿದ್ದವರು, ಆದರೂ ದಾಳಿಯಾದ ಮೇಲೆ ಅವರ ಮೇಲೆ ಅನುಮಾನ. 1942ರ ಜೂನ್ 5ರಂದು 1,400ಕ್ಕೂ ಹೆಚ್ಚು ಮಂದಿಯನ್ನು ಹೊನೊಲುಲುವಿನಲ್ಲಿ ಹಡಗು ಹತ್ತಿಸಿದರು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಇಳಿದಾಗ ಸಿಕ್ಕಿದ್ದು ಈ ಹೆಸರು. ಹುಡುಗರು ಅದನ್ನು 'ಒನ್ ಪುಕಾ ಪುಕಾ' ಅಂತ ಕರೆದುಕೊಂಡರು. ಹವಾಯಿ ಭಾಷೆಯಲ್ಲಿ ಪುಕಾ ಅಂದರೆ ತೂತು. ಎರಡು ಸೊನ್ನೆಗೆ ಎರಡು ತೂತು.

1943ರ ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೋದಲ್ಲಿ ಇಳಿದಾಗಲೂ ಇವರು 34ನೇ ಡಿವಿಷನ್ನಿನ ಒಂದು ರೆಜಿಮೆಂಟಿನಲ್ಲಿ ಬೇರೆಯವರ ಖಾಲಿ ಜಾಗ ತುಂಬಿದವರೇ. 1944ರ ಜನವರಿಯಲ್ಲಿ ಕಸಿನೋ ಬೆಟ್ಟದ ಬಳಿ, ಜರ್ಮನ್ನರು ನೀರು ಬಿಟ್ಟು ಕೆಸರು ಮಾಡಿ ಮೈನ್ ಹೂತಿದ್ದ ಬಯಲಿನಲ್ಲಿ ಕತ್ತಲಲ್ಲಿ ಕೈಯಿಂದ ತಡವುತ್ತಾ ಮುಂದೆ ಹೋದರು. ಆ ಬೆಟ್ಟದಿಂದ ಹಿಂದೆ ಸರಿಯುವ ಹೊತ್ತಿಗೆ ಉಳಿದದ್ದು ಅರ್ಧಕ್ಕೂ ಕಡಿಮೆ. 'ಪರ್ಪಲ್ ಹಾರ್ಟ್ ಬೆಟಾಲಿಯನ್' ಅನ್ನೋ ಹೆಸರು ಬಂದದ್ದು ಹಾಗೆ. ಪರ್ಪಲ್ ಹಾರ್ಟ್ ಎಂದರೆ ಯುದ್ಧದಲ್ಲಿ ಗಾಯಗೊಂಡವರಿಗೆ, ಸತ್ತವರಿಗೆ ಕೊಡುವ ಪದಕ.

ಜೂನಿನಲ್ಲಿ ಜಪಾನಿ ಮೂಲದವರದೇ ಆದ 442ನೇ ರೆಜಿಮೆಂಟ್ ಇಟಲಿಗೆ ಬಂತು. ಅದರ ಮೊದಲನೇ ಬೆಟಾಲಿಯನ್ ಬಹುಪಾಲು ಖಾಲಿಯಾಗಿ ಅಮೆರಿಕದಲ್ಲೇ ಉಳಿದಿತ್ತು. ಆ ಜಾಗ ಇವರಿಗೆ. ಆಗಸ್ಟಿನಲ್ಲಿ 'ಸೆಪರೇಟ್' ಪದ ಹೋಯಿತು. ಲೆಕ್ಕದ ಪ್ರಕಾರ ಇವರ ಸಂಖ್ಯೆ 1 ಆಗಬೇಕಿತ್ತು, ಅಲ್ವಾ? ಆದರೆ ಸೈನ್ಯ ಅವರ 100 ಅನ್ನು ಅವರಿಗೇ ಬಿಟ್ಟಿತು, ಎರಡೂ ತೂತುಗಳ ಸಮೇತ.

– ಸಂಪಾದಕ